ಎರಡು ತಿಂಗಳ ಗಡ್ಡ

ಕಾಶೆವ್ವ ಎಡಗೈಯಲ್ಲಿ ಮಗನ ಗಡ್ಡ ಹಿಡಿದು, ಬಲಗೈಯಲ್ಲಿ ಕತ್ತರಿ ಎತ್ತಿದಳು. "ಖರೇ ಹೇಳು ಈರೇಶ, ಯಾವ ಮಠಾ ಸೇರಾಕ ಹೊಂಟಿ?" ಸೊಸೆ ಪೂರ್ಣಿಮಾಳ ಎರಡು ಬಸಿರು ನಿಲ್ಲದೆ ಹೋದ ಮೇಲೆ ಮಗ ಮಂಕಾಗಿದ್ದ. ಈಗ ಎರಡು ತಿಂಗಳಿಂದ ಕ್ಷೌರವೂ ಇಲ್ಲ. ಸಂಸಾರ ಬಿಟ್ಟು ಎದ್ದು ಹೋಗುತ್ತಾನೇನೋ ಎಂಬ ಗುಮಾನಿ ಅವಳನ್ನು ತಿನ್ನುತ್ತಿತ್ತು.

"ಮಠಾನೂ ಇಲ್ಲ, ಗಿಠಾನೂ ಇಲ್ಲಬೇ. ಫ್ಯಾಶನ್!" ಈರೇಶ ಕಿಸೆಯಿಂದ ಹಳೆಯ ಜಾಹೀರಾತೊಂದನ್ನು ತೆಗೆದ. ಹಳಿಯಾಳದ ಕಟಿಂಗ್ ಅಂಗಡಿಯಲ್ಲಿ ಕೇಳಿ ತಂದದ್ದು. ಎದೆಮಟ್ಟ ಗಡ್ಡ ಬಿಟ್ಟ ಗಂಡಸೊಬ್ಬ ಎಣ್ಣೆಯ ಬಾಟಲಿ ಹಿಡಿದು ನಗುತ್ತಿದ್ದ.

"ಇಂವ ಎಣ್ಣಿ ಮಾರಾಂವ. ನೀ ಏನ್ ಮಾರಾಂವ?" ಕಾಶೆವ್ವ ಕತ್ತರಿಯ ಬಾಯಿ ತೆರೆದಳು.

"ಬ್ಯಾಡ್ರಿ ಅತ್ತಿ! ಈಗ ಅದಕ್ಕ ಕತ್ತರಿ ತಾಗಬಾರ್ದ್ರಿ!" ಒಳಗಿನಿಂದ ಓಡಿಬಂದ ಪೂರ್ಣಿಮಾ ಕೂಗಿ, ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಕಾಶೆವ್ವನ ಕೈ ಅಲ್ಲೇ ನಿಂತಿತು. ಬಸುರಿಯ ಗಂಡ ಗಡ್ಡ ತೆಗೆಯಬಾರದೆಂದು ಕಲಿಸಿದವಳು ಅವಳೇ. ಮೊದಲೆರಡು ಸಲ ಸುದ್ದಿಯನ್ನು ಓಣಿತುಂಬ ಸಾರಿದವಳೂ ಅವಳೇ.

"ಯಾಕ ಚೀರಿದ್ಲ ನಿನ್ ಸೊಸಿ?" ನೆರೆಮನೆಯ ಸತ್ತೆವ್ವ ಬಾಗಿಲಲ್ಲಿ ಇಣುಕಿದಳು.

ಕಾಶೆವ್ವ ಕತ್ತರಿಯನ್ನು ಸೆರಗಿನೊಳಗೆ ಸರಿಸಿ, ಜಾಹೀರಾತನ್ನು ಎತ್ತಿ ಹಿಡಿದಳು. "ಏನಿಲ್ಲವಾ, ಈರೇಶಂದು ಫ್ಯಾಶನ್. ಇಂವನಂಗ ಎದಿಮಟಾ ಬಿಡ್ತಾನಂತ. ಬಿಡ್ಲಿ."