ತಡೆದು ನಿಂತ ಪತ್ರಗಳು

"ಆಫೀಸಿಂದ ಹೊರಗೆ ಹೋಗೋ ಇ-ಮೇಲಲ್ಲಿ ನನ್ನ ಹೆಸರಿದ್ರೆ ಅಲ್ಲೇ ತಡೆಹಿಡಿಯೋ ಹಾಗೆ ನಿನ್ನೆ ಬೆಳಿಗ್ಗೆನೇ ಮಾಡಿಸಿದೀನಿ. ನೀವು ರಜೆಯಲ್ಲಿದ್ರಿ," ಎಂದರು ಮ್ಯಾನೇಜರು, ವಾರಿಜಾಳ ಕುರ್ಚಿಯ ಬೆನ್ನು ಹಿಡಿದು. "ಏನು ಸಿಕ್ಕಿದೆ, ತೆಗೀರಿ ನೋಡೋಣ."

ಕಚೇರಿಯ ಇ-ಮೇಲ್‌ಗಳನ್ನು ಕಾಯುವ ಯಂತ್ರದ ಉಸ್ತುವಾರಿ ವಾರಿಜಾಳದೇ. ಸೋಮವಾರ ಮಹಿಳಾ ದೂರು ಸಮಿತಿಯ ವಕೀಲೆ ಬಂದು ಭಾಷಣ ಮಾಡಿ, ದೂರಿದ್ದರೆ ಬರೆಯಿರೆಂದು ಬೋರ್ಡಿನ ಮೇಲೆ ತಮ್ಮ ಇ-ಮೇಲ್ ವಿಳಾಸ ಬರೆದು ಹೋಗಿದ್ದರು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೂ ಇದೇ ಮ್ಯಾನೇಜರು. ಇವರ ಕೈ ಎಲ್ಲೆಲ್ಲಿ ಹರಿದಾಡುತ್ತದೆಂದು ನಿನ್ನೆ ಮಧ್ಯಾಹ್ನ ಅವಳು ಮನೆಯಿಂದಲೇ, ಕಚೇರಿಯ ಇ-ಮೇಲ್‌ನಲ್ಲಿ, ಆ ವಿಳಾಸಕ್ಕೆ ಬರೆದಿದ್ದಳು. ತಲುಪಿತೆಂದೇ ನಂಬಿದ್ದಳು.

"ಪಾಸ್‌ವರ್ಡ್ ತಗೋತಿಲ್ಲ ಸರ್."

"ಇನ್ನೊಂದ್ಸಲ ಹಾಕಿ."

ಬೇಕೆಂದೇ ಮತ್ತೆ ತಪ್ಪು ಒತ್ತಿದಳು.

"ನಿಮ್ಮ ಪಾಸ್‌ವರ್ಡೇ ಮರೆತೋಯ್ತಾ?" ಜರ್ದಾ ವಾಸನೆ ಮೂಗಿಗೆ ಬಡಿಯಿತು.

"ಮೊನ್ನೆ ತಾನೇ ಬದಲಾಯಿಸಿದ್ದು ಸರ್."

ಮೂರನೆಯ ಸಲವೂ ತಪ್ಪಿದರೆ ಅನುಮಾನ ಬರುತ್ತದೆಂದು ಸರಿಯಾಗಿಯೇ ಒತ್ತಿದಳು; ತಡೆಹಿಡಿದ ಪತ್ರಗಳ ಪುಟ ತೆರೆದುಕೊಂಡಿತು. ಅವಳು ಕಣ್ಣು ಮುಚ್ಚಿದಳು. ಹಿಂದೆ ಕುರ್ಚಿ ಹಿಡಿದಿದ್ದ ಮ್ಯಾನೇಜರ ಕೈ ಮೆಲ್ಲಗೆ ಸಡಿಲವಾಯಿತು.

ಕಣ್ಣು ಬಿಟ್ಟಳು. ವಕೀಲೆಯ ವಿಳಾಸಕ್ಕೆ ಹೊರಟು ತಡೆದು ನಿಂತ ಪತ್ರಗಳು ಒಂಬತ್ತು, ಒಂದೊಂದೂ ಬೇರೆ ಬೇರೆ ಹೆಸರಿನಲ್ಲಿ.

ಆ ಕಚೇರಿಯಲ್ಲಿದ್ದ ಹೆಂಗಸರು, ಅವಳೂ ಸೇರಿ, ಒಂಬತ್ತೇ ಮಂದಿ.