ಒಣ ನಲ್ಲಿಯ ಕೆಳಗೆ ಛತ್ರಿ

ಈಗಲೂ ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಚನ್ನಗಿರಿಯಲ್ಲಿದ್ದ ಅಪ್ಪನ ಪ್ರಿಂಟಿಂಗ್ ಪ್ರೆಸ್ಸೇ ನೆನಪಾಗುತ್ತದೆ.

ಕಾನ್ವೆಂಟಿಗೆ ರಜೆಯಿದ್ದ ಒಂದು ಮಧ್ಯಾಹ್ನ. ಸೀಮೆಎಣ್ಣೆಯಲ್ಲಿ ತೊಳೆದ ಅಚ್ಚುಮೊಳೆಗಳನ್ನು ಜೋಡಿಸಿ ಅಪ್ಪ ತಮ್ಮ ವಾರಪತ್ರಿಕೆಯ ಮೊದಲ ಪುಟ ಮುಗಿಸಿದ್ದರು. ಅದರಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ಮರದ ಹಲಗೆಯಲ್ಲಿ ಕೆತ್ತಿದ ಕಾರ್ಟೂನ್ ಇತ್ತು. ಚಿತ್ರದಲ್ಲಿ ನಮ್ಮ ಬಡಾವಣೆಯ ನೀರಿನ ಕಮಿಟಿಯ ಅಧ್ಯಕ್ಷರು ಒಣಗಿದ ನಲ್ಲಿಯ ಕೆಳಗೆ, ಎಲ್ಲಿ ನೆನೆದುಬಿಡುತ್ತೇನೋ ಎಂದು ಛತ್ರಿ ಹಿಡಿದು ನಿಂತಿದ್ದರು. ಸುದ್ದಿ ಹೇಗೋ ತಿಳಿದು ಅಧ್ಯಕ್ಷರೇ ಬಂದುಬಿಟ್ಟರು.

"ಏನವ್ವಾ, ನನ್ನ ಹೊಟ್ಟೆ ಇಷ್ಟು ದಪ್ಪ ಐತಾ?"

"ಹಲಗೆ ಸಣ್ಣದಿತ್ತು ರೀ, ಇಷ್ಟಕ್ಕೇ ಬಿಟ್ಟೆ," ಎಂದರು ಅತ್ತೆ, ವೆರಿ ಪೊಲೈಟ್ ಆಗಿ.

ಅಧ್ಯಕ್ಷರು ಅಪ್ಪನ ಕಡೆ ತಿರುಗಿದರು. "ನೀವು ಏನ್ ಬೇಕಾದ್ರೂ ಬರೀರಿ ಸ್ವಾಮಿ, ಓದೋರು ಯಾರದಾರೆ? ಚಿತ್ರ ಮಾತ್ರ ಬ್ಯಾಡ. ಓದಾಕೆ ಬರದವ್ರೂ ಹೋಟ್ಲಾಗೆ ನೋಡಿ ನಗ್ತಾರೆ. ಹಾಕಿದ್ರೆ ನಮ್ಮ ಕಮಿಟಿ ಪ್ರಿಂಟಿಂಗ್ ಕೆಲಸ ಒಂದೂ ನಿಮಗಿಲ್ಲ."

ಅಪ್ಪ ಜೋಡಿಸಿದ ಪುಟದ ಕಡೆ ನೋಡಿದರು. ಕಾರ್ಟೂನಿನ ಪಕ್ಕದ ಕಾಲಮ್ಮಿನಲ್ಲಿ ಅವರ ಎಡಿಟೋರಿಯಲ್ ಇತ್ತು. ವಾರವೆಲ್ಲ ತಿದ್ದಿ, ಊಟಕ್ಕೆ ಕೂತಾಗ ನಮಗೆಲ್ಲ ಓದಿ ಹೇಳಿದ ಬರಹ. ತಮ್ಮ ಪ್ರೋಸ್ ಮೇಲೆ ಅಪ್ಪನಿಗೆ ಬಹಳ ಪ್ರೀತಿ.

ಅಧ್ಯಕ್ಷರು ಹೊರಟ ಮೇಲೆ ಅಪ್ಪ ಆ ಎಡಿಟೋರಿಯಲ್ಲಿನ ಮೊಳೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಖಾಲಿಯಾದ ಪುಟದ ನಟ್ಟನಡುವೆ ಅತ್ತೆಯ ಹಲಗೆಯನ್ನು ಕೂರಿಸಿದರು.

"ಅಣ್ಣಾ, ನಿನ್ನ ಲೇಖನ?" ಅತ್ತೆಗೆ ಗಾಬರಿ.

"ಓದೋರಿಲ್ಲ ಅಂತ ಅವ್ರೇ ಹೇಳಿದ್ರಲ್ಲ," ಎಂದರು ಅಪ್ಪ. "ಮಸಿ ಹಚ್ಚವ್ವ."