ದೇವರ ಅಂಗಳದಲ್ಲಿ ಇನ್ನೂರು ಕುರಿ

ಭಾನುವಾರ ಬೆಳಿಗ್ಗೆ ಬೀಗವಿಲ್ಲದ ಚರ್ಚಿನ ಗೇಟು ತಳ್ಳಿದ ಸುರಜ ಪಾಸ್ಟರ್ ತೆರೆದ ಬಾಯಿ ಮುಚ್ಚಲಿಲ್ಲ. ಅಂಗಳದ ತುಂಬ ಕುರಿ, ಇನ್ನೂರಕ್ಕೆ ಕಡಿಮೆಯಿಲ್ಲ. ಕಾಲಿಟ್ಟಲ್ಲೆಲ್ಲ ಹಿಕ್ಕೆ. ಒಂದು ಟಗರು ಮೆಟ್ಟಿಲ ಮೇಲೆ ಕಾಲು ಮಡಚಿ ಕೂತು, ಆರಾಧನೆಗೆ ತಾನೇ ಮೊದಲು ಬಂದೆನೆಂಬ ಗತ್ತಿನಲ್ಲಿ ಮೆಲುಕು ಹಾಕುತ್ತಿತ್ತು.

ಗೋಡೆಗೆ ಒರಗಿದ್ದ ಕುರಿಗಾರ ಸಿದರಾಯ ಎದ್ದು ಕೈಮುಗಿದ. ಹೆಂಡತಿ ಸಾವಕ್ಕ ಸೆರಗು ಸರಿಮಾಡಿಕೊಂಡಳು.

“ಹರಕಿ ಮುಟ್ಟಿಸೇವಿ ನೋಡ್ರಿ,” ಎಂದ ಸಿದರಾಯ.

ಹೋದ ಮಳೆಗಾಲ ಸಾವಕ್ಕ ಜ್ವರದಲ್ಲಿ ನಡುಗುತ್ತಿದ್ದಾಗ ಪಾಸ್ಟರ್ ತಮ್ಮ ಬೈಕಿನಲ್ಲೇ ಗಂಡ ಹೆಂಡತಿಯನ್ನು ರಾಯಬಾಗದ ದವಾಖಾನೆಗೆ ಮುಟ್ಟಿಸಿದ್ದರು. ಉಳಿದರೆ ಇವರ ದೇವರ ನೆಲದಲ್ಲಿ ಒಂದು ರಾತ್ರಿ ಕುರಿ ತರುಬಿ ಮಲಗಿಸುತ್ತೇನೆ ಎಂದು ಅವಳು ಬೈಕಿನ ಮೇಲೆಯೇ ಬೇಡಿಕೊಂಡಿದ್ದಳು. ಹಿಂಡು ಒಂದು ರಾತ್ರಿ ಮಲಗಿದ ಹೊಲ ಮೂರು ವರ್ಷ ಗೊಬ್ಬರ ಕೇಳುವುದಿಲ್ಲ. ಅದಕ್ಕಾಗಿ ರೈತರು ಕುರಿಗಾರನಿಗೆ ಕಾಳು ಕೊಟ್ಟು, ಊಟ ಹಾಕಿ, ತಿಂಗಳ ಮೊದಲೇ ಹೇಳಿಟ್ಟಿರುತ್ತಾರೆ. ಪಾಸ್ಟರಿಗೆ ಇದೆಲ್ಲಿ ಗೊತ್ತು? ಬೆಳೆದದ್ದು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ.

ಹತ್ತು ಗಂಟೆಗೆ ಆರಾಧನೆ, ಅಷ್ಟರಲ್ಲಿ ಎಲ್ಲವನ್ನೂ ಗುಡಿಸಿ ಆಚೆ ಚೆಲ್ಲಬೇಕೆಂದು ಹುಕುಂ ಮಾಡಿ, ತಾವೇ ಪೊರಕೆ ಹಿಡಿದರು. ಸಾವಕ್ಕನ ಮುಖ ಕಪ್ಪಿಟ್ಟಿತು. ಹರಕೆ ಹೊರಗೆ ಬಿದ್ದರೆ ದೇವರು ಒಲ್ಲೆ ಅಂದಂತೆ. ಹೋದ ಜ್ವರ ತಿರುಗಿ ಬರುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಪೊರಕೆಗೆ ಅಡ್ಡ ಕೂತುಬಿಟ್ಟಳು.

“ಉಡುಗೂದಿದ್ರ ಮೊದಲ ನನ್ನ ಉಡುಗಿ ಒಗೀರಿ.”

ಅಷ್ಟರಲ್ಲಿ ಸಭೆಯ ಹಿರಿಯ, ಎರಡೆಕರೆ ಕಬ್ಬಿನ ಅಣ್ಣಾಸಾಬ ಇಸ್ತ್ರಿ ಅಂಗಿಯಲ್ಲಿ ಬಂದ. ಮೂಗು ಮುಚ್ಚಲಿಲ್ಲ. ಬಗ್ಗಿ ಒಂದು ಹಿಡಿ ಹಿಕ್ಕೆ ಎತ್ತಿ, ಮದುವೆ ಮನೆಯ ಹುಗ್ಗಿ ಮೂಸುವವನ ಹಾಗೆ ಮೂಸಿದ.

“ಇದನ್ನ ಚೆಲ್ಲಿದ್ರ ದೇವರು ಸಿಟ್ಟಾಗ್ತಾನೋ ಇಲ್ಲೋ ಗೊತ್ತಿಲ್ರಿ ಸಾಹೇಬ್ರ. ನಾ ಅಂತೂ ಆಗ್ತೇನಿ.”

ಆಮೇಲೆ ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಬಂದ ಬಂದವರು ಬೈಬಲ್ಲನ್ನು ಕಿಟಕಿಯಲ್ಲಿಟ್ಟು ಗುದ್ದಲಿ ತರಲು ಮನೆಗೆ ಓಡಿದರು. ಹೊಸ ಸೀರೆಯವರು ಕಚ್ಚೆ ಬಿಗಿದರು. ಗೊಬ್ಬರ ದೇವರ ಅಂಗಳದಲ್ಲೇ ಉಳಿಯಲೆಂದು ನೆಲ ಅಗೆದು ಹಿಕ್ಕೆಯನ್ನು ಮಣ್ಣಿಗೆ ಬೆರೆಸುತ್ತಲೇ ಹಾಡು ಶುರುವಾಯಿತು. ಕುರಿಗಳೂ ದನಿಗೂಡಿಸಿದವು. ನಿಜ ಹೇಳಬೇಕೆಂದರೆ ಆ ಊರಿನ ಹಾಡುಗಾರರಿಗಿಂತ ಕುರಿಗಳೇ ವಾಸಿ. ಪಾಸ್ಟರ್ ಕೈಯ ಪೊರಕೆಯನ್ನು ಗೋಡೆಗೆ ಆನಿಸಿದರು. ಬಳಿಕ ಬಿಳಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಸಲಿಕೆ ಹಿಡಿದರು. ಎರಡನೆಯ ಏಟಿಗೇ ಜಾರಿ ಹರಕೆಯ ನಟ್ಟನಡುವೆ ಕುಳಿತರು. ಮೊದಲು ನಕ್ಕವರು ಅವರೇ.

ಹನ್ನೆರಡರ ಹೊತ್ತಿಗೆ ಮುಂದಿನ ಅಂಗಳ ಮುಗಿಯಿತು. ಚರ್ಚಿನ ಹಿಂದೆ ಇನ್ನೂ ಹತ್ತು ಗುಂಟೆ ಬರಡು ನೆಲವಿತ್ತು. ಪಾಸ್ಟರ್ ಅದನ್ನೊಮ್ಮೆ, ಸಾವಕ್ಕನನ್ನೊಮ್ಮೆ ನೋಡಿದರು.

“ಅಕ್ಕಾ, ಈಗ ಪೂರಾ ಆರಾಮ ಅದೀರಲ್ಲ?”

“ಕಲ್ಲಗುಂಡ ಆಗೇನ್ರಿ,” ಎಂದಳು ಸಾವಕ್ಕ. “ಹಿಂದಿನ ತುಂಡಿಗೂ ಬೇಕಂದ್ರ ಈ ಸಲ ನೀವ ಜಡ್ಡ ಬೀಳ್ರಿ. ಹರಕಿ ನಾ ಹೊರತೇನಿ.”